ತಾಂಡಿವರೆಗೆ ಖಾಲಿ ಹೋದ ಕ್ಯಾನು

ಮೂಡಿಗೆರೆಯಲ್ಲಿ ನನ್ನದು ಪಂಪ್‌ಸೆಟ್ ರಿಪೇರಿ ಅಂಗಡಿ. ಫೆಬ್ರವರಿ, ಮಾರ್ಚ್ ಬಂತೆಂದರೆ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹೊಡೆಯುವ ಕಾಲ. ಆಗ ಊಟಕ್ಕೂ ಪುರುಸೊತ್ತು ಇರುವುದಿಲ್ಲ. ಜುಲೈನಲ್ಲಿ ಮಳೆ ಹಿಡಿದು ಕೂತರೆ ಅಂಗಡಿಯಲ್ಲಿ ನೊಣ ಹೊಡೆಯುವುದೇ ಕೆಲಸ. ಅದಕ್ಕೇ ನಮ್ಮ ದೂರದ ಪ್ರವಾಸಗಳೆಲ್ಲ ಜುಲೈನಲ್ಲೇ. 2024ರ ಜುಲೈನಲ್ಲಿ ನಾನು, ನನ್ನ ಹೆಂಡತಿ ಇಬ್ಬರೂ ನಮ್ಮ ಹಳೇ ಮಾರುತಿ ಜಿಪ್ಸಿ ಜೀಪು ಹತ್ತಿ ಲಡಾಖಿಗೆ ಹೋಗಿ ಬಂದೆವು.

ಬಂದ ಮೇಲೆ ಊರಿನ ಹುಡುಗರು ಸರೋವರ ಹೇಗಿತ್ತು, ಚಳಿ ಹೇಗಿತ್ತು ಅಂತ ಕೇಳಲಿಲ್ಲ. ಅಂಗಡಿ ಮುಂದೆ ನಿಂತು ಎಲ್ಲರೂ ಕೇಳಿದ್ದು ಒಂದೇ. "ಅಣ್ಣಾ, ಪೆಟ್ರೋಲ್ ಹೇಗೆ ತಗೊಂಡ್ ಹೋದ್ರಿ? ಯಾವ ಕ್ಯಾನು?" ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಗಿದೆ. ಅದಕ್ಕೆ ಬರೆದು ಹಾಕುತ್ತಿದ್ದೇನೆ. ಒಟ್ಟು ಮೂರು ಕ್ಯಾನು, ಒಂದು ಸ್ಟ್ಯಾಂಡು, ಒಂದು ಪೈಪು. ಎಲ್ಲಕ್ಕೂ ನನ್ನ ಜೇಬಿನಿಂದಲೇ ದುಡ್ಡು ಕೊಟ್ಟಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಮಲೆನಾಡಿನಲ್ಲಿ ಗಾಡಿಗೆ ಕ್ಯಾನು ಕಟ್ಟುವ ಅಗತ್ಯ ಇಲ್ಲವೇ ಇಲ್ಲ. ಮೂಡಿಗೆರೆಯಿಂದ ಕಳಸ, ಕುದುರೆಮುಖ ದಾಟಿ ಕಾರ್ಕಳಕ್ಕೆ ಇಳಿದರೂ ಟ್ಯಾಂಕು ಅರ್ಧ ಖಾಲಿಯಾಗುವುದಿಲ್ಲ. ಶನಿವಾರ ಬೆಂಗಳೂರಿನಿಂದ ಬರುವ ಥಾರ್ ಜೀಪುಗಳ ಹಿಂದೆ ಕೆಂಪು, ಹಸಿರು ಕ್ಯಾನು ನೇತಾಡುವುದನ್ನು ನೋಡುತ್ತಿರುತ್ತೇನೆ. ಬೆರಳಲ್ಲಿ ತಟ್ಟಿದರೆ ಟಣ್ ಅನ್ನುತ್ತದೆ. ಖಾಲಿ. ಇರಲಿ, ಚೆಂದಕ್ಕೆ ಕಟ್ಟಿಕೊಂಡರೆ ಯಾರಿಗೇನು ನಷ್ಟ? ಸುಮ್ನೆ ತುಂಬಿಸಿಕೊಂಡು ಓಡಾಡುವುದಕ್ಕಿಂತ ಅದೇ ಎಷ್ಟೋ ವಾಸಿ. ಡೀಸೆಲ್ ಥಾರ್‌ನವರಿಗಂತೂ ಲಡಾಖಿನಲ್ಲೂ ಕ್ಯಾನು ಬೇಕಾಗುವುದು ಅಪರೂಪ. ಅವರದ್ದು 57 ಲೀಟರ್ ಟ್ಯಾಂಕು, ಮೈಲೇಜೂ ಪರವಾಗಿಲ್ಲ.

ನನ್ನ ಕಥೆ ಬೇರೆ. ಜಿಪ್ಸಿ ಟ್ಯಾಂಕು 40 ಲೀಟರ್. 2006ರ ಗಾಡಿ. ಸಾಮಾನು ತುಂಬಿಕೊಂಡು ಘಾಟಿ ಹತ್ತುವಾಗ ಲೀಟರಿಗೆ 9 ಕಿ.ಮೀ. ಕೊಟ್ಟರೆ ಕೈ ಮುಗಿಯಬೇಕು. ಮನಾಲಿಯಿಂದ ಅಟಲ್ ಸುರಂಗ ದಾಟಿ ಆಚೆ ಬಂದರೆ ಲಾಹೌಲ್ ಕಣಿವೆ. ಚಂದ್ರಾ, ಭಾಗಾ ನದಿಗಳು ಸೇರುವಲ್ಲಿ ತಾಂಡಿ ಅಂತ ಸಣ್ಣ ಊರು. ಅಲ್ಲಿನ ಬಂಕಿನ ಬೋರ್ಡು ಹೆಸರುವಾಸಿ: ಮುಂದಿನ ಬಂಕ್ 365 ಕಿ.ಮೀ. ದೂರ. ಹೋದವರೆಲ್ಲ ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನಾವೂ ತೆಗೆಸಿಕೊಂಡೆವು. ಲೇಹ್‌ಗೆ 35 ಕಿ.ಮೀ. ಮೊದಲೇ ಕಾರೂನಲ್ಲಿ ಬಂಕ್ ಇದೆ. ಹಾಗಾಗಿ ನಿಜವಾದ ಲೆಕ್ಕ 330. 40 ಲೀಟರಿಗೆ 360 ಓಡುತ್ತದೆ. ನೇರ ಹೋಗುವವರಿಗೆ ಹೇಗೋ ಸಾಕು, ಎದೆ ಸ್ವಲ್ಪ ಗಟ್ಟಿ ಇರಬೇಕು ಅಷ್ಟೆ.

ನಾವು ನೇರ ಹೋಗುವವರಲ್ಲ. ಮೋರೆ ಬಯಲು ಮುಗಿಯುವಲ್ಲಿ ಡೆಬ್ರಿಂಗ್‌ನಿಂದ ಬಲಕ್ಕೆ ತಿರುಗಿ ತ್ಸೋ ಕಾರ್ ಸರೋವರ ನೋಡುವುದು, ಅಲ್ಲಿಂದ ತ್ಸೋ ಮೊರಿರಿ ಸರೋವರದ ದಡದ ಕೊರ್ಜೋಕ್, ವಾಪಸ್ ಸಿಂಧೂ ನದಿ ಪಕ್ಕದಲ್ಲಿ ಚುಮಥಾಂಗ್, ಉಪ್ಶಿ, ಆಮೇಲೆ ಕಾರೂ. ನನ್ನ ಮೀಟರಿನಲ್ಲಿ ಕೊನೆಗೆ ಬಂದಿದ್ದು 540 ಚಿಲ್ಲರೆ. ಅಂದರೆ 60 ಲೀಟರ್. ದಾರಿ ತಪ್ಪಿದರೆ, ರಾತ್ರಿ ಚಳಿಗೆ ಎಂಜಿನ್ ಓಡಿಸಿಕೊಂಡು ಕೂತರೆ ಅಂತ ಇನ್ನೊಂದು 10. ಟ್ಯಾಂಕಿನ 40 ಕಳೆದರೆ ಕ್ಯಾನಿನಲ್ಲಿ 30 ಲೀಟರ್ ಬೇಕು. ಒಂದು 20 ಲೀಟರಿನದು, ಒಂದು 10 ಲೀಟರಿನದು. ಮನೆಯಲ್ಲಿ ಕ್ಯಾಲೆಂಡರ್ ಹಾಳೆಯ ಹಿಂದೆ ಈ ಲೆಕ್ಕ ಹಾಕಿಯೇ ಅಂಗಡಿಗೆ ಹೋಗಿದ್ದು. ನೀವೂ ಮೊದಲು ಲೆಕ್ಕ ಹಾಕಿ, ಆಮೇಲೆ ಕ್ಯಾನು ನೋಡಿ. ಮಾರುತಿಯ ಹೊಸ ಜೀಪು ಜಿಮ್ನಿ ಇಟ್ಟುಕೊಂಡವರದ್ದೂ 40 ಲೀಟರ್ ಟ್ಯಾಂಕೇ, ಆದರೆ ಅದು ಜಿಪ್ಸಿಗಿಂತ ಜಾಸ್ತಿ ಓಡುತ್ತದೆ. ಇದೇ ದಾರಿಗೆ ಅವರಿಗೆ 10 ಲೀಟರ್ ಸಾಕು.

30 ಲೀಟರ್ ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. 1934ರ ಪೆಟ್ರೋಲಿಯಂ ಕಾಯ್ದೆ ಪ್ರಕಾರ, ಮಾರುವುದಕ್ಕಲ್ಲದೆ ಸ್ವಂತಕ್ಕೆ 30 ಲೀಟರ್‌ವರೆಗೆ ಪೆಟ್ರೋಲ್ ಇಟ್ಟುಕೊಳ್ಳಲು ಲೈಸೆನ್ಸ್ ಬೇಡ. ಆದರೆ ಅದು ಬಿಗಿಯಾಗಿ ಮುಚ್ಚಿದ ಲೋಹದ ಡಬ್ಬದಲ್ಲಿರಬೇಕು, ಒಂದೊಂದು ಡಬ್ಬ 25 ಲೀಟರ್ ಮೀರಬಾರದು. ಲೋಹ ಅಂತ ಬರೆದಿದೆ, ಗಮನಿಸಿ. ನಾನು ಗಮನಿಸಿದ್ದು ಪ್ಲಾಸ್ಟಿಕ್ ಕ್ಯಾನಿಗೆ ದುಡ್ಡು ಕೊಟ್ಟಾದ ಮೇಲೆ. ಅದರ ಶಿಕ್ಷೆ ಮುಂದೆ ಬರುತ್ತದೆ.

ಮೊದಲನೇ ಕ್ಯಾನು ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಸಿಕ್ಕಿತು. ಹಸಿರು ಬಣ್ಣದ 20 ಲೀಟರಿನ ಹಳೇ ಉಕ್ಕಿನ ಕ್ಯಾನು. "ಒರಿಜಿನಲ್ ಮಿಲಿಟ್ರಿ ಮಾಲು ಸಾರ್" ಅಂದ ಅಂಗಡಿ ಹುಡುಗ. 1,400 ಹೇಳಿ 900ಕ್ಕೆ ಇಳಿದ. ಎರಡನೆಯದು ಆನ್‌ಲೈನಿನಲ್ಲಿ ತರಿಸಿದ ಹೊಸ ಕ್ಯಾನು. ನೋಡಲು ಅದೇ ಆಕಾರ, ಬೆಲೆ 2,400. ಅಂಗಡಿಯ ತಕ್ಕಡಿಯಲ್ಲಿ ಎರಡನ್ನೂ ಖಾಲಿ ಇಟ್ಟು ತೂಗಿದೆ. ಹಳೆಯದು 4 ಕೆಜಿ 200 ಗ್ರಾಂ. ಹೊಸದು 3 ಕೆಜಿ 300. ಆ 900 ಗ್ರಾಂ ಎಲ್ಲಿ ಹೋಯಿತು? ತಗಡಿನಲ್ಲಿ. ಹೊಸದರ ಹೊಟ್ಟೆಯನ್ನು ಹೆಬ್ಬೆರಳಲ್ಲಿ ಒತ್ತಿದರೆ ಬಿಸ್ಕತ್ ಡಬ್ಬದ ಹಾಗೆ ಟಕ್ ಅಂತ ಒಳಗೆ ಹೋಗಿ ಹೊರಗೆ ಬರುತ್ತದೆ.

ತೂಕ ಒಂದೇ ನೋಡಿ ತೀರ್ಮಾನ ಮಾಡಬಾರದಲ್ವಾ? ಅದಕ್ಕೆ ನೀರು ಪರೀಕ್ಷೆ ಮಾಡಿದೆ. ಎರಡಕ್ಕೂ ಮುಕ್ಕಾಲು ನೀರು ತುಂಬಿ, ಮುಚ್ಚಳ ಹಾಕಿ, ಹಳೇ ಪೇಪರ್ ಹಾಸಿ ಅದರ ಮೇಲೆ ಅಡ್ಡ ಮಲಗಿಸಿದೆ. ಬಾಯಿ ಕೆಳಗೆ ಬರುವ ಹಾಗೆ. ಬೆಳಗ್ಗೆ ಬಂದು ನೋಡಿದರೆ ಹೊಸ ಕ್ಯಾನಿನ ಕೆಳಗೆ ಪೇಪರ್ ಒಣಗಿಯೇ ಇತ್ತು. ಮಿಲಿಟ್ರಿ ಮಾಲಿನ ಕೆಳಗೆ ಅಂಗೈ ಅಗಲ ಒದ್ದೆ. ಮುಚ್ಚಳದ ವಾಷರ್ ತೆಗೆದು ನೋಡಿದರೆ ರಬ್ಬರ್ ಒಣಗಿ ಹಪ್ಪಳ ಆಗಿತ್ತು. ಉಗುರಲ್ಲಿ ಕೆರೆದರೆ ಪುಡಿ ಪುಡಿ. ನನ್ನ ಅಂಗಡಿಯಲ್ಲೇ ಇದ್ದ ನೈಟ್ರೈಲ್ ರಬ್ಬರ್ ಶೀಟಿನಲ್ಲಿ ಹೊಸ ವಾಷರ್ ಕತ್ತರಿಸಿ ಹಾಕಿದೆ. ಮಾರನೇ ದಿನ ಪೇಪರ್ ಒಣ.

ಈ ವಾಷರ್ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ. ಮೊದಲಿನ ಪೆಟ್ರೋಲ್ ಈಗಿಲ್ಲ. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಇ20 ಬಿಡುಗಡೆ ಮಾಡಿದರು, ಅಂದರೆ ನೂರಕ್ಕೆ 20 ಭಾಗ ಎಥನಾಲ್. ಎಥನಾಲ್‌ಗೆ ನೀರು ಎಳೆದುಕೊಳ್ಳುವ ಗುಣ. ಹಳೇ ರಬ್ಬರಿಗೂ ಅದಕ್ಕೂ ಆಗಿಬರುವುದಿಲ್ಲ, ಊದಿಕೊಳ್ಳುತ್ತದೆ, ಇಲ್ಲ ಮೆತ್ತಗಾಗುತ್ತದೆ. ವೀಡ್ ಕಟರ್ ಕಾರ್ಬುರೇಟರ್ ಬಿಚ್ಚಿದಾಗ ದಿನಾ ನೋಡುತ್ತಿದ್ದೇನೆ. ಹಾಗಾಗಿ ಗುಜರಿ ಕ್ಯಾನು ತಂದರೆ ಮೊದಲು ವಾಷರ್ ಕಿತ್ತು ಬಿಸಾಕಿ. ಮೂವತ್ತು ರೂಪಾಯಿ ಕೆಲಸ.

ಎರಡನೇ ಕೆಲಸ, ಒಳಗೆ ಟಾರ್ಚ್ ಬಿಟ್ಟು ನೋಡುವುದು. ಹಳೇ ಕ್ಯಾನಿನ ತಳದ ಮೂಲೆಯಲ್ಲಿ ಕಾಫಿ ಪುಡಿ ಉದುರಿಸಿದ ಹಾಗೆ ತುಕ್ಕು ಇತ್ತು. ಒಂದು ಹಿಡಿ ಹಳೇ ನಟ್ಟು, ಅರ್ಧ ಲೀಟರ್ ಡೀಸೆಲ್ ಹಾಕಿ ಅಂಗಡಿ ಹುಡುಗನ ಕೈಗೆ ಕೊಟ್ಟೆ. ಹತ್ತು ನಿಮಿಷ ಕುಲುಕಿದ. ಮೂರು ಸಲ ಹಾಗೆ ಮಾಡಿದ ಮೇಲೆ ಡೀಸೆಲ್ ತಿಳಿಯಾಗಿ ಬಂತು. ಹೊಸ ಕ್ಯಾನಿನ ಒಳಗೆ ತುಕ್ಕು ಇರಲಿಲ್ಲ, ಆದರೆ ಬಾಯಿಯ ಅಂಚಿನಲ್ಲಿ ಒಳಗಿನ ಬಣ್ಣ ಹೆಕ್ಕಳೆ ಎದ್ದಿತ್ತು. ಒಂದು ಚೂರು ಕೈಗೇ ಬಂತು. ಅದು ಟ್ಯಾಂಕಿಗೆ ಬಿದ್ದರೆ ನೇರ ಫಿಲ್ಟರಿಗೆ. ಐದು ಸಾವಿರ ಮೀಟರ್ ಎತ್ತರದಲ್ಲಿ ಫಿಲ್ಟರ್ ಬಿಚ್ಚುತ್ತಾ ಕೂರುವ ಆಸೆ ನನಗಿಲ್ಲ. ಹೊಸದನ್ನು ವಾಪಸ್ ಕಳಿಸಿದೆ. ದುಡ್ಡು ಬಂತು, ಹನ್ನೊಂದು ದಿನ ಆಯಿತು.

ಈ ಕ್ಯಾನಿನ ಆಕಾರ ಮಾಡಿದವನಿಗೆ ಒಬ್ಬ ಮೆಕ್ಯಾನಿಕ್ ಆಗಿ ನಾನು ಸಲಾಂ ಹೊಡೆಯುತ್ತೇನೆ. ಜರ್ಮನ್ನರು 1937ರ ಹೊತ್ತಿಗೆ ಸೈನ್ಯಕ್ಕೆ ಮಾಡಿಸಿದ್ದು. ಎರಡು ತಗಡಿನ ಅರ್ಧಗಳನ್ನು ಒತ್ತಿ, ನಡುವೆ ಒಂದೇ ಬೆಸುಗೆ. ಆ ಬೆಸುಗೆ ಗೆರೆ ಒಳಗೆ ಸರಿದಿರುತ್ತದೆ, ಬಿದ್ದರೆ ಏಟು ಅದಕ್ಕೆ ತಾಗುವುದಿಲ್ಲ. ಪಕ್ಕದಲ್ಲಿ ಕಾಣುವ ಕತ್ತರಿ ಗುರುತು ಚೆಂದಕ್ಕಲ್ಲ. ಬಿಸಿಲಿಗೆ ಪೆಟ್ರೋಲ್ ಹಿಗ್ಗಿದಾಗ ತಗಡು ಉಬ್ಬಲು ಜಾಗ, ತಗಡಿಗೆ ಬಲವೂ ಹೌದು. ಮೂರು ಹಿಡಿ ಯಾಕೆ ಗೊತ್ತಾ? ನಡುವಿನದು ಒಬ್ಬನೇ ಹೊರಲು. ತುಂಬಿದ ಕ್ಯಾನನ್ನು ಇಬ್ಬರು ಆಚೆ ಈಚೆ ಹಿಡಿದು ಒಯ್ಯಬಹುದು. ಖಾಲಿ ಆದರೆ ಒಂದೇ ಕೈಯಲ್ಲಿ ಎರಡು ಕ್ಯಾನು ಹಿಡಿಯಬಹುದು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಹತ್ತಿರ ಇದ್ದದ್ದು ನಾಲ್ಕು ಗ್ಯಾಲನ್ನಿನ ತೆಳು ತಗಡಿನ ಡಬ್ಬ, ನಮ್ಮಜ್ಜಿ ನೀರು ಸೇದಿ ಇಡುತ್ತಿದ್ದ ಸೀಮೆಎಣ್ಣೆ ಡಬ್ಬದ ಜಾತಿಯದ್ದೇ. ಆಫ್ರಿಕಾದ ಮರುಭೂಮಿಯಲ್ಲಿ ಅದು ಸೋರಿ ಸೋರಿ ಸಾಕಾಗಿ, ಶತ್ರುಗಳ ಕ್ಯಾನನ್ನೇ ಕಸಿದುಕೊಂಡು ಬಳಸಿದರು, ಆಮೇಲೆ ಹಾಗೇ ನಕಲು ಮಾಡಿದರು. ಜರ್ಮನ್ನರಿಗೆ ಅವರು ಇಟ್ಟಿದ್ದ ಅಡ್ಡಹೆಸರು ಜೆರ್ರಿ. ಅದರಿಂದಲೇ ಜೆರ್ರಿ ಕ್ಯಾನ್.

ಮೂರನೆಯದು 10 ಲೀಟರಿನ ಚಪ್ಪಟೆ ಪ್ಲಾಸ್ಟಿಕ್ ಕ್ಯಾನು. ಕೆಂಪು ಬಣ್ಣ, ನಡುವೆ ತೂತು, ಅದಕ್ಕೆ ಬೋಲ್ಟ್ ಹಾಕಿ ಗಾಡಿಗೆ ಬಿಗಿಯುವುದು. 3,500 ರೂಪಾಯಿ. ಅಂಗಡಿಯ ಗೋಡೆ ಮೇಲೆ ನೋಡಿದಾಗ ಮನಸ್ಸು ಸೋತಿತು, ಒಪ್ಪಿಕೊಳ್ಳುತ್ತೇನೆ.

ಸ್ಟ್ಯಾಂಡಿನ ಕಥೆ. ಮಿಲಿಟ್ರಿ ಜಿಪ್ಸಿಗಳ ಹಿಂದೆ ಸ್ಟೆಪ್ನಿ ಪಕ್ಕದಲ್ಲಿ ಕ್ಯಾನು ಇಡುವ ಚೌಕಟ್ಟು ಇರುತ್ತದೆ, ನೋಡಿರಬಹುದು. ಅದೇ ಥರ ಮಾಡಿಸೋಣ ಅಂತ ಬೆಂಗಳೂರಿನ ಒಂದು ಅಂಗಡಿಯಲ್ಲಿ 3,200 ಕೊಟ್ಟು ಹಿಂಬಾಗಿಲಿಗೆ ಹಾಕಿಸಿದೆ. ನೋಡಲು ಭರ್ಜರಿ. ಆದರೆ ಬಾಗಿಲಿಗೆ ಆಗಲೇ ಸ್ಟೆಪ್ನಿ ಭಾರ ಇದೆ. ತುಂಬಿದ ಕ್ಯಾನು ಅಂದರೆ ಪೆಟ್ರೋಲ್ 15 ಕೆಜಿ, ತಗಡು 4 ಕೆಜಿ, ಹತ್ತಿರ ಹತ್ತಿರ 20 ಕೆಜಿ. ನಾನೇ ಪಂಪ್‌ಸೆಟ್ ಬೇಸ್ ಬೆಸುಗೆ ಹಾಕುವವನು. ಆ ಚೌಕಟ್ಟಿನ ಕೆಳಗಿನ ಬೆಸುಗೆ ನೋಡಿದಾಗಲೇ ಗೊತ್ತಾಗಬೇಕಿತ್ತು. ಮೇಲೆ ಮೇಣ ಸುರಿದ ಹಾಗೆ ಕೂತಿತ್ತು, ತಗಡಿಗೆ ಕಚ್ಚಿರಲಿಲ್ಲ. ಹೊಳೆಯುವ ಕಪ್ಪು ಬಣ್ಣ ನೋಡಿ ಸುಮ್ಮನಾದೆ.

ಮೂಡಿಗೆರೆಯಿಂದ ತಾಂಡಿವರೆಗೆ ಎರಡೂ ಕ್ಯಾನು ಖಾಲಿ. ದಾರಿಯುದ್ದಕ್ಕೂ ಹೆದ್ದಾರಿಯಲ್ಲಿ ಬಂಕುಗಳ ಸಾಲೇ ಇರುವಾಗ 30 ಲೀಟರ್ ಬೆನ್ನಿಗೆ ಕಟ್ಟಿಕೊಂಡು ಓಡುವುದು ಹುಚ್ಚು. ಹಿಂದಿನಿಂದ ಒಂದು ಲಾರಿ ಗುದ್ದಿದರೆ ಮೊದಲು ಸಿಗುವುದೇ ಆ ಕ್ಯಾನು. ಒಬ್ಬ ಬೈಕ್ ಹುಡುಗ ಮನಾಲಿಯಲ್ಲಿ ನನ್ನ ಕ್ಯಾನು ತಟ್ಟಿ ನಕ್ಕ. ಬೆಂಗಳೂರು ಥಾರ್‌ಗಳನ್ನು ನೋಡಿ ನಾನು ನಗುತ್ತಿದ್ದೆನಲ್ಲ, ಲೆಕ್ಕ ಸರಿಹೋಯಿತು.

ತಾಂಡಿ ಬಂಕಿನಲ್ಲಿ ಕ್ಯಾನು ಅಂದರೆ ಯಾರೂ ಹುಬ್ಬು ಏರಿಸುವುದಿಲ್ಲ. ಆದರೆ ಪೆಟ್ರೋಲ್ ಹಾಕುವವರು ಸ್ಟ್ಯಾಂಡಿನಲ್ಲಿ ಇದ್ದ ಹಾಗೇ ಹಾಕಲು ಒಪ್ಪಲಿಲ್ಲ, ಕೆಳಗಿಳಿಸಿ ಅಂದರು. ಅದು ಸರಿಯಾದ ಪದ್ಧತಿ. ಕ್ಯಾನು ನೆಲದ ಮೇಲಿರಬೇಕು, ನಾಜಲ್ ಕ್ಯಾನಿನ ಬಾಯಿಗೆ ತಾಗಿಕೊಂಡೇ ಇರಬೇಕು, ನಿಧಾನಕ್ಕೆ ಬಿಡಬೇಕು. ಪೆಟ್ರೋಲ್ ಹರಿಯುವಾಗ ಹುಟ್ಟುವ ಸ್ಥಾಯಿ ವಿದ್ಯುತ್ ನೆಲಕ್ಕೆ ಇಳಿದು ಹೋಗಲು ದಾರಿ ಬೇಕು, ಇಲ್ಲದಿದ್ದರೆ ಕಿಡಿ. ಉಕ್ಕಿನ ಕ್ಯಾನಿಗೆ 20 ಲೀಟರ್ ಹಾಕಿದರೂ ಹಿಡಿಯ ಕೆಳಗೆ ಗಾಳಿಗೆ ಜಾಗ ಉಳಿಯುತ್ತದೆ, ಹಾಗೇ ಮಾಡಿದ್ದಾರೆ. ಪ್ಲಾಸ್ಟಿಕ್ ಕ್ಯಾನನ್ನು ಮಾತ್ರ ಒಂಬತ್ತಕ್ಕೆ ನಿಲ್ಲಿಸಿದೆ. ಬಿಸಿ 20 ಡಿಗ್ರಿ ಏರಿದರೆ 20 ಲೀಟರ್ ಪೆಟ್ರೋಲ್ ಹಿಗ್ಗಿ ಹತ್ತಿರ ಹತ್ತಿರ 400 ಮಿಲಿ ಜಾಸ್ತಿ ಆಗುತ್ತದೆ. ಅದಕ್ಕೆ ಜಾಗ ಬಿಡದಿದ್ದರೆ ಅದೇ ಜಾಗ ಹುಡುಕಿಕೊಳ್ಳುತ್ತದೆ.

ಪ್ಲಾಸ್ಟಿಕ್ ಕ್ಯಾನಿಗೆ ಹೊರಗೆ ಬೋಲ್ಟ್ ಹಾಕುವ ಜಾಗ ಕೊನೆಗೂ ಸರಿಹೋಗಿರಲಿಲ್ಲ. ಹಿಂದಿನ ಸೀಟಿನ ಪಕ್ಕ ನಿಲ್ಲಿಸಿ ಬೆಲ್ಟ್ ಬಿಗಿದೆ. ಸರ್ಚೂ ತಲುಪುವ ಹೊತ್ತಿಗೆ ನನ್ನವಳಿಗೆ ತಲೆನೋವು ಶುರುವಾಯಿತು. ಎತ್ತರದ ತಲೆನೋವು ಇರಬೇಕು ಅಂದುಕೊಂಡೆವು. ಅಲ್ಲಿ ಎಲ್ಲರಿಗೂ ಬರುವುದೇ. ನೀರು ಕುಡಿದಳು, ಬಿಸಿ ಸೂಪು ಕುಡಿದಳು, ರಾತ್ರಿ ಟೆಂಟಿನಲ್ಲಿ ಪೂರ್ತಿ ವಾಸಿಯಾಯಿತು. ಬೆಳಗ್ಗೆ ಗಾಡಿ ಹತ್ತಿ ಅರ್ಧ ಗಂಟೆಗೆ ಮತ್ತೆ ಶುರು. "ರೀ, ಇದು ಎತ್ತರಕ್ಕೆ ಅಲ್ಲ. ಗಾಡಿ ಒಳಗೆ ಕೂತ್ರೆ ಮಾತ್ರ ಬರುತ್ತೆ" ಅಂದಳು. ಹಿಂದೆ ತಿರುಗಿ ಮೂಸಿದರೆ ಪೆಟ್ರೋಲ್ ವಾಸನೆ. ದಿನವಿಡೀ ಅದರಲ್ಲೇ ಇರುವ ನನ್ನ ಮೂಗಿಗೆ ಗೊತ್ತೇ ಆಗಿರಲಿಲ್ಲ.

ಮುಚ್ಚಳದ ಸುತ್ತ ಕೈ ಆಡಿಸಿದರೆ ತೇವ. ಕ್ಯಾನು ಊದಿಕೊಂಡು ಎರಡೂ ಕಡೆ ಹೊಟ್ಟೆ ಬಂದಿತ್ತು. ಚಿಪ್ಸ್ ಪ್ಯಾಕೆಟ್ ಊದುವ ಹಾಗೇ. ತಾಂಡಿ 3,000 ಮೀಟರಿಗಿಂತ ಕೆಳಗಿದೆ, ದಾರಿಯಲ್ಲಿ ಸಿಗುವ ಲಾಚುಂಗ್ ಲಾ ಘಾಟಿ 5,000 ದಾಟುತ್ತದೆ. ಕೆಳಗೆ ಮುಚ್ಚಿದ ಗಾಳಿ ಮೇಲೆ ಹೋದಂತೆ ಹೊರಗೆ ಬರಲು ಒದ್ದಾಡುತ್ತದೆ, ಜೊತೆಗೆ ಬಿಸಿಲು ಬೇರೆ. ಗಾಡಿ ನಿಲ್ಲಿಸಿ, ಕ್ಯಾನು ದೂರ ಒಯ್ದು, ಗಾಳಿಗೆ ಬೆನ್ನು ಕೊಟ್ಟು, ಮುಚ್ಚಳವನ್ನು ಕಾಲು ಸುತ್ತು ತಿರುಗಿಸಿದೆ. ನಾಗರಹಾವು ಬುಸುಗುಟ್ಟಿದ ಹಾಗೆ ಆಯಿತು, ಪೂರ್ತಿ ಹತ್ತು ಸೆಕೆಂಡ್. ಎತ್ತರದ ಊರಲ್ಲಿ ಪೆಟ್ರೋಲ್ ಕ್ಯಾನು ಒಳಗಿಟ್ಟರೆ ಇರುವ ದೊಡ್ಡ ತೊಂದರೆ ಇದೇ ಅಂತ ನನಗೆ ಅನ್ನಿಸಿದ್ದು. ಬೆಂಕಿ ಭಯ ಇದ್ದೇ ಇದೆ. ಅದರ ಮೇಲೆ, ತಲೆನೋವು ಎತ್ತರದಿಂದ ಬಂದದ್ದೋ ವಾಸನೆಯಿಂದ ಬಂದದ್ದೋ ಗೊತ್ತೇ ಆಗುವುದಿಲ್ಲ. ಕೆಳಗಿಳಿಯಬೇಕಾದವರು ಕ್ಯಾನು ಬೈದುಕೊಂಡು ಮೇಲೇ ಹೋಗಬಹುದು, ನಮ್ಮ ಹಾಗೆ ಕ್ಯಾನು ತೆಗೆಯಬೇಕಾದವರು ಎತ್ತರ ಬೈಯುತ್ತಾ ಕೂರಬಹುದು. ಆಮೇಲೆ ಅದನ್ನು ಗಾಡಿ ಮೇಲಿನ ಕ್ಯಾರಿಯರಿಗೆ ಕಟ್ಟಿದೆ. ಒಂದು ಗಂಟೆಯಲ್ಲಿ ಅವಳು ಹಾಡು ಗುನುಗುತ್ತಿದ್ದಳು.

ಪಾಂಗ್‌ಗೆ ಇನ್ನು ನಾಲ್ಕೈದು ಕಿ.ಮೀ. ಇದೆ ಅನ್ನುವಾಗ ಹಿಂದಿನಿಂದ ಟಕ್ ಟಕ್ ಸದ್ದು. ದಾರಿ ಅಲ್ಲಿ ರಾಗಿ ಬೀಸುವ ಕಲ್ಲಿನ ಮೇಲೆ ಹೋದ ಹಾಗೆ. "ಏನೋ ಬಡ್ಕೊಳ್ತಿದೆ ನೋಡ್ರೀ" ಅಂದಳು. ಇಳಿದು ನೋಡಿದೆ. ಸ್ಟ್ಯಾಂಡಿನ ಕೆಳಗಿನ ಬೆಸುಗೆ ಪೂರ್ತಿ ಬಿಟ್ಟಿತ್ತು, ಮೇಲಿನ ಎರಡು ಬೋಲ್ಟಿನ ಮೇಲೆ 20 ಕೆಜಿ ತೂಗಾಡುತ್ತಿತ್ತು. ಬಾಗಿಲ ಕೀಲಿನ ಪಿನ್ನೂ ಸಡಿಲ. ಕ್ಯಾನಿಗೆ ಒಂದು ಗೀರೂ ಇಲ್ಲ, ಒಂದು ಹನಿಯೂ ಸೋರಿಲ್ಲ. ಅದೇ ಜರ್ಮನ್ ಬೆಸುಗೆಗೂ ನಮ್ಮ ಬೆಸುಗೆಗೂ ವ್ಯತ್ಯಾಸ.

ಅಲ್ಲೇ ನಿಂತು ತಲೆ ಕೆರೆದುಕೊಳ್ಳುತ್ತಿದ್ದಾಗ ಹೊಳೆಯಿತು, ನಾನು ಎಂಥ ದಡ್ಡ ಅಂತ. ತಾಂಡಿಯಿಂದ 185 ಕಿ.ಮೀ. ಬಂದಾಗಿತ್ತು. ಟ್ಯಾಂಕಿನಲ್ಲಿ 20 ಲೀಟರಿಗೆ ಜಾಗ ಆಗಿತ್ತು. ಹಾಗಿದ್ದ ಮೇಲೆ ಕ್ಯಾನನ್ನು ಇನ್ನೂ ತುಂಬಿಸಿಟ್ಟುಕೊಂಡು ಯಾಕೆ ತಿರುಗುತ್ತಿದ್ದೇನೆ? ಕೆಂಪು ದೀಪ ಹತ್ತಿದ ಮೇಲೆ ಬಳಸೋಣ ಅಂತ! ಎಲ್ಲರೂ ಹಾಗೇ ಮಾಡುತ್ತಾರೆ. ಪೆಟ್ರೋಲ್ ಇಡಲು ಗಾಡಿಯಲ್ಲಿ ಎಲ್ಲಕ್ಕಿಂತ ಭದ್ರವಾದ ಜಾಗ ಕಂಪನಿಯವರು ಕೊಟ್ಟ ಟ್ಯಾಂಕು. ತೂಕವೂ ಕೆಳಗೆ ಇರುತ್ತದೆ, ಗುದ್ದಿದರೂ ರಕ್ಷಣೆ ಇದೆ. ಟ್ಯಾಂಕಿನಲ್ಲಿ ಜಾಗ ಆದ ತಕ್ಷಣ ಸುರಿದುಬಿಡಬೇಕು. ಸರ್ಚೂನಲ್ಲೇ ಹತ್ತು ಲೀಟರಿನ ಪ್ಲಾಸ್ಟಿಕ್ ಕ್ಯಾನು ಖಾಲಿ ಮಾಡಿದ್ದರೆ ತಲೆನೋವೂ ಇಲ್ಲ, ಬುಸುಗುಟ್ಟುವುದೂ ಇಲ್ಲ.

ಸುರಿಯುವುದು ಹೇಗೆ? ಗುಜರಿ ಹುಡುಗ ಕ್ಯಾನಿನ ಜೊತೆ ಒಂದು ತಗಡಿನ ಮೂತಿ ಕೊಟ್ಟಿದ್ದ. ಊರಲ್ಲಿ ನೀರು ಹಾಕಿ ನೋಡಿದಾಗಲೇ ಅದು ಅರ್ಧ ಗಾಡಿಗೆ, ಅರ್ಧ ಮೊಣಕೈಗೆ ಬಿಡುತ್ತಿತ್ತು. ಅಲ್ಲದೆ 4,600 ಮೀಟರಿನಲ್ಲಿ 20 ಕೆಜಿ ಎದೆ ಮಟ್ಟಕ್ಕೆ ಎತ್ತಿ ಹಿಡಿದು ನೋಡಿ, ನಾಲ್ಕು ಉಸಿರಿಗೆ ಕಣ್ಣು ಕತ್ತಲೆ ಬರುತ್ತದೆ. ನಾನು ಒಯ್ದಿದ್ದು ಕುಲುಕು ಪೈಪು. ಆರಡಿ ಉದ್ದದ ಪೈಪಿನ ತುದಿಯಲ್ಲಿ ಹಿತ್ತಾಳೆಯ ಬಾಯಿ, ಒಳಗೆ ಒಂದು ಗೋಲಿ. ಆ ತುದಿಯನ್ನು ಪೆಟ್ರೋಲಿನೊಳಗೆ ಬಿಟ್ಟು ಮೇಲೆ ಕೆಳಗೆ ಕುಲುಕಬೇಕು. ಗೋಲಿ ಏರಿ ಇಳಿದು ಪೆಟ್ರೋಲನ್ನು ಪೈಪಿಗೆ ತಳ್ಳುತ್ತದೆ. ಏಳೆಂಟು ಸಲ ಕುಲುಕಿದರೆ ಆಮೇಲೆ ತಾನಾಗೇ ಹರಿಯುತ್ತದೆ. ಕ್ಯಾನು ಟ್ಯಾಂಕಿನ ಬಾಯಿಗಿಂತ ಎತ್ತರದಲ್ಲಿರಬೇಕು ಅಷ್ಟೆ. ದಿಬ್ಬದ ಪಕ್ಕ ಗಾಡಿ ನಿಲ್ಲಿಸಿ, ಕ್ಯಾನು ದಿಬ್ಬದ ಮೇಲಿಟ್ಟು, ಐದು ನಿಮಿಷದೊಳಗೆ 20 ಲೀಟರ್ ಒಳಗೆ. ಒಂದು ತೊಟ್ಟು ಹೊರಗಿಲ್ಲ.

220 ರೂಪಾಯಿಯ ಈ ಪೈಪು ನಾನು ಕೊಂಡಿದ್ದರಲ್ಲೆಲ್ಲ ಒಳ್ಳೆಯ ಮಾಲು. ನಮ್ಮ ಎಸ್ಟೇಟುಗಳಲ್ಲಿ ಇವತ್ತಿಗೂ ಪೈಪು ಬಾಯಿಗಿಟ್ಟು ಎಳೆಯುವವರಿದ್ದಾರೆ. ದಯವಿಟ್ಟು ಬೇಡ. ಒಂದು ಗುಟುಕು ಪೆಟ್ರೋಲ್ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಗ್ಯಾರಂಟಿ ಅಂತಲೇ ಇಟ್ಟುಕೊಳ್ಳಿ. ನನ್ನ ಹತ್ತಿರ ಕೆಲಸಕ್ಕಿದ್ದ ಒಬ್ಬ ಹುಡುಗ ಹಾಗೆ ಎಳೆದು ನಾಲ್ಕು ದಿನ ಆಸ್ಪತ್ರೆಯಲ್ಲಿ ಮಲಗಿದ್ದ.

ಖಾಲಿ ಉಕ್ಕಿನ ಕ್ಯಾನನ್ನು ಕ್ಯಾರಿಯರಿಗೆ ಏರಿಸಿದೆ, ಮುರಿದ ಸ್ಟ್ಯಾಂಡನ್ನು ಬಿಚ್ಚಿ ಸೀಟಿನ ಕೆಳಗೆ ತುರುಕಿದೆ. ಪ್ಲಾಸ್ಟಿಕ್ ಕ್ಯಾನಿನ ಒಂಬತ್ತು ಲೀಟರ್ ಕೊರ್ಜೋಕ್‌ನಲ್ಲಿ ಟ್ಯಾಂಕಿಗೆ ಹೋಯಿತು. ಕಾರೂ ಬಂಕಿನಲ್ಲಿ ನಿಲ್ಲಿಸಿದಾಗ ಟ್ಯಾಂಕಿನಲ್ಲಿ ಇನ್ನೂ ಎಂಟು ಹತ್ತು ಲೀಟರ್ ಇತ್ತು. ಕ್ಯಾಲೆಂಡರ್ ಹಿಂದಿನ ಲೆಕ್ಕ ಸುಳ್ಳಾಗಲಿಲ್ಲ.

ಖಾಲಿ ಕ್ಯಾನಿನ ಬಗ್ಗೆಯೂ ಹೇಳಬೇಕು. ಪೆಟ್ರೋಲ್ ತುಂಬಿದ ಕ್ಯಾನಿಗಿಂತ ಈಗ ತಾನೇ ಖಾಲಿಯಾದ ಕ್ಯಾನು ಹೆಚ್ಚು ಅಪಾಯ. ಒಳಗೆ ಆವಿ, ಗಾಳಿ ಎರಡೂ ಕಲೆತಿರುತ್ತವೆ, ಒಂದು ಕಿಡಿ ಸಾಕು. ಲೇಹ್‌ನಲ್ಲಿ ಗೆಸ್ಟ್ ಹೌಸಿನ ಹಿತ್ತಲಲ್ಲಿ ಎರಡು ದಿನ ಬಾಯಿ ತೆರೆದು ಒಣಗಿಸಿದೆ. ವಾಪಸ್ ಕಾರ್ಗಿಲ್, ಶ್ರೀನಗರದ ದಾರಿ, ಬಂಕುಗಳಿಗೆ ಬರ ಇಲ್ಲ, ಹಾಗಾಗಿ ಮತ್ತೆ ತುಂಬಿಸಲಿಲ್ಲ. ಲೇಹ್‌ನಲ್ಲಿ ಬಿಗಿಯಾಗಿ ಮುಚ್ಚಿದ ಪ್ಲಾಸ್ಟಿಕ್ ಕ್ಯಾನು ಜಮ್ಮುವಿಗೆ ಇಳಿಯುವಷ್ಟರಲ್ಲಿ ಹಲ್ಲು ಉದುರಿದ ಮುದುಕನ ಕೆನ್ನೆ ಥರ ಒಳಗೆ ಹೋಗಿತ್ತು. ಮುಚ್ಚಳ ತೆಗೆದರೆ ಸುಯ್ ಅಂತ ಗಾಳಿ ಒಳಗೆ ಎಳೆದುಕೊಂಡಿತು. ಆಕಾರ ಮಾತ್ರ ಪೂರ್ತಿ ವಾಪಸ್ ಬರಲಿಲ್ಲ, ಒಂದು ಮಡಿಕೆ ಉಳಿಯಿತು. ಆ ಮಡಿಕೆಯ ಮೇಲೆ ಈಗ ಬಿಳಿ ಗೆರೆ ಬಿದ್ದಿದೆ. ಇನ್ನು ಅದಕ್ಕೆ ಪೆಟ್ರೋಲ್ ಹಾಕುವುದಿಲ್ಲ. ನೀರು ಒಯ್ಯಲೂ ಆಗದು, ವಾಸನೆ ಹೋಗಿಲ್ಲ. 3,500 ರೂಪಾಯಿ ಹೋಯಿತು ಅಂತ ಲೆಕ್ಕ.

ಸ್ಟ್ಯಾಂಡ್ ಮಾಡಿಕೊಟ್ಟ ಅಂಗಡಿಗೆ ಫೋನ್ ಮಾಡಿದೆ. "ಲಡಾಖಿಗೆ ಅಂತ ಹೇಳಲೇ ಇಲ್ಲವಲ್ಲ ಸಾರ್" ಅಂದರು. ನಾನೇ ಮತ್ತೆ ಬೆಸುಗೆ ಹಾಕಿದೆ, ಈ ಸಲ ಬಾಗಿಲಿಗಲ್ಲ, ಗಾಡಿಯ ಒಳಗೆ ಹಿಂದಿನ ನೆಲಕ್ಕೆ, ಷಾಸಿಗೆ ಬೋಲ್ಟ್ ಇಳಿಸಿ. ನನ್ನದು ಬಟ್ಟೆ ಟಾಪಿನ ಗಾಡಿ, ಹಿಂದಿನ ಪರದೆ ಸುತ್ತಿಟ್ಟು ಗಾಳಿ ಆಡುವಾಗ ಮಾತ್ರ ಅದರಲ್ಲಿ ತುಂಬಿದ ಕ್ಯಾನು ಇಡುವುದು. ಟಾಪ್ ಮುಚ್ಚಿದ ಗಾಡಿಯವರು ಇದನ್ನು ಮಾಡಬೇಡಿ, ನಿಮಗೆ ಕ್ಯಾರಿಯರೇ ಸರಿ. ಅಲ್ಲೂ ಒಂದೇ ಕ್ಯಾನು ಸಾಕು, ಮೇಲೆ ತೂಕ ಜಾಸ್ತಿಯಾದರೆ ತಿರುವಿನಲ್ಲಿ ಗಾಡಿ ವಾಲುತ್ತದೆ.

900 ರೂಪಾಯಿಯ ಗುಜರಿ ಕ್ಯಾನು ಈಗ ಅಂಗಡಿ ಹಿಂದಿನ ಶೆಡ್ಡಿನಲ್ಲಿದೆ, ಒಣಗಿಸಿ, ಮುಚ್ಚಳ ಸಡಿಲ ಬಿಟ್ಟು. ಹೋದ ವಾರ ಜಿಮ್ನಿ ತಗೊಂಡ ಹ್ಯಾಂಡ್‌ಪೋಸ್ಟಿನ ಹುಡುಗ ಬಂದಿದ್ದ, ಸ್ಪಿತಿಗೆ ಹೋಗುತ್ತಾನಂತೆ. "ಅಣ್ಣಾ, ನಿಮ್ ಕ್ಯಾನು ಕೊಡಿ" ಅಂದ. ಸ್ಪಿತಿಯ ಕಾಜಾದಲ್ಲೇ ಬಂಕ್ ಇದೆ, ನಿನಗೆ ಕ್ಯಾನು ಬೇಡ ಮಾರಾಯ ಅಂದೆ. ಕೇಳಲಿಲ್ಲ. ಫೋಟೋಗಾದರೂ ಬೇಕಂತೆ. ಖಾಲಿ ಒಯ್ದು ಖಾಲಿ ತರಬೇಕು ಅಂತ ಹೇಳಿ ಕೊಟ್ಟೆ. ಕುಲುಕು ಪೈಪು ಮಾತ್ರ ಕೊಡಲಿಲ್ಲ.